ಪಾಯಿಂಟಿನ ನಂತರದ ಅಂಕಿ

ಎರಡರಲ್ಲಿ ಒಂದಾದರೂ ಬೇಡ ಎಂದಿದ್ದರೆ ಸುಲಭವಿತ್ತು. ಎರಡೂ ಕಾಲೇಜುಗಳು ಬಾ ಎಂದಿದ್ದವು. ಕಲಬುರಗಿಯದು ಅಂಕಪಟ್ಟಿ ನೋಡಿ ಕರೆದಿತ್ತು, ಮೈಸೂರಿನದು ತನ್ನನ್ನು ನೋಡಿ. ಹಾಗೆಂದು ಜಯಮಾಲಾ ಮೂರು ವಾರಗಳಿಂದ ನಂಬಿದ್ದಳು.

ಎರಡೂ ಕಡೆ ಪರಿಸರ ವಿಜ್ಞಾನದ ಎಂ.ಎಸ್ಸಿ. ಸೀಟು. ಒಂದನ್ನು ಒಪ್ಪಿಕೊಂಡರೆ ಇನ್ನೊಂದು ತಾನಾಗಿ ಹೋಗುತ್ತದೆ. ಇವತ್ತು ಸಂಜೆ ಐದು ಕೊನೆ. ಅವಳು ಹತ್ತಿದ ನೆಲೋಗಿ ಬಸ್ಸು ಜೇವರ್ಗಿ ಬಿಟ್ಟಾಗ ಎರಡೂವರೆ.

ಬೆಳಿಗ್ಗೆ ಅಪ್ಪನನ್ನು ಕೇಳಿದ್ದಳು. ನಾಗಣ್ಣ ಕಾಳಿನ ದಲಾಲಿಯ ಅಡತಿ ಅಂಗಡಿಗೆ ಹೊರಟು ಚಪ್ಪಲಿ ಹುಡುಕುತ್ತಿದ್ದ.

“ಎರಡೂ ಛಲೋನೇ ಅವ.”

“ನೀವು ಒಂದು ಹೇಳ್ರಿ.”

“ಓದಾಕಿ ನೀನೋ ನಾನೋ?”

ಅವ್ವ ಸುಂದರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕಲಬುರಗಿ ಆದ್ರ ದಿನಾ ಮನಿಗಿ ಬರ್ತಿ. ಮೈಸೂರ ಆದ್ರ ಊರ ನೋಡ್ತಿ. ನಿನ್ನ ಖುಷಿ ಬೇ.”

ಅಫಜಲಪುರದ ಗೆಳತಿ ಸೀಮಾಳ ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಸೀಮಾ ಅತ್ತು, ಜಗಳವಾಡಿ, ಎರಡು ದಿನ ಊಟ ಬಿಟ್ಟು ಹೈದರಾಬಾದಿಗೆ ಹೋದಳು. ಅವಳಿಗೆ ತಳ್ಳಲು ಒಂದು ಗೋಡೆಯಾದರೂ ಇತ್ತು. ಜಯಮಾಲಾಳ ಮನೆಯಲ್ಲಿ ಎಲ್ಲ ಬಾಗಿಲೂ ತೆರೆದಿದ್ದವು. ಯಾವುದರಲ್ಲೂ ಯಾರೂ ನಿಂತಿರಲಿಲ್ಲ.

ಮೈಸೂರು ಯಾಕೆ ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಅಲ್ಲಿ ಅವಳು ನಾಗಣ್ಣನ ಮಗಳಲ್ಲ. ಇದನ್ನು ಅರ್ಜಿಯಲ್ಲಿ ಬರೆಯಲು ಬರುವುದಿಲ್ಲ. ಹಾಗಾಗಿ ಮಳೆಯ ಬಗ್ಗೆ ಬರೆದಿದ್ದಳು.

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟು ಅದು. ಒಂದು ಹಳ್ಳಿಯ ಆರು ವರ್ಷಗಳ ಮಳೆ. ಆಗಸ್ಟಿನ ಮಳೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂದು ಅವಳು ಗೆರೆ ಎಳೆದು ತೋರಿಸಿದ್ದಳು. ಸಂದರ್ಶನದಲ್ಲಿ ಮೈಸೂರಿನ ಪ್ರಾಧ್ಯಾಪಕರು ಪರದೆಯ ಮೇಲೆ ಆ ಗೆರೆಯನ್ನು ಬಹಳ ಹೊತ್ತು ನೋಡಿ, “ಅಂಕಿಗಳು ತುಂಬಾ ಸ್ವಚ್ಛವಾಗಿವೆ” ಎಂದಿದ್ದರು. ಅವಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲೇನಲ್ಲ. ಆದರೂ ಮೂರು ದಿನ ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಂತಿದ್ದಳು.

ಸೀಟು ಒಪ್ಪಿಕೊಳ್ಳುವಾಗ ಅವರು ಎರಡು ದಾಖಲೆ ಕೇಳಿದ್ದರು. ಮಳೆ ಬರೆದಿಟ್ಟವರ ಸಹಿ ಇರುವ ಪತ್ರ. ಮಳೆಮಾಪಕದ ಪಕ್ಕದಲ್ಲಿ ವಿದ್ಯಾರ್ಥಿ ನಿಂತ ಫೋಟೊ. ಕಲಬುರಗಿಯವರು ಏನನ್ನೂ ಕೇಳಿರಲಿಲ್ಲ.

ನೆಲೋಗಿಯಲ್ಲಿಳಿದು ಆಟೋ ಹಿಡಿದು ಮೂರು ಕಿಲೋಮೀಟರ್ ಒಳಗಿದ್ದ ಆ ಹಳ್ಳಿಗೆ ಹೋದಳು. ಹೋದ ವರ್ಷ ಒಂದೇ ಸಲ ಬಂದಿದ್ದಳು, ಅರ್ಧ ಗಂಟೆ. ಮಳೆ ಬರೆದಿಡುವ ಧರ್ಮಣ್ಣ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಗಂಗಾಬಾಯಿ ರಿಜಿಸ್ಟರು ತಂದುಕೊಟ್ಟಿದ್ದಳು. ಜಯಮಾಲಾ ಪುಟಗಳ ಫೋಟೊ ತೆಗೆದುಕೊಂಡು ಅದೇ ಆಟೋದಲ್ಲಿ ಹಿಂದಿರುಗಿದ್ದಳು. ಮಳೆಮಾಪಕ ಎಲ್ಲಿದೆ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ.

ಈ ಸಲ ಧರ್ಮಣ್ಣ ಕಟ್ಟೆಯ ಮೇಲೇ ಕೂತಿದ್ದ. ಅರವತ್ತೈದು ದಾಟಿದ್ದ ಆಸಾಮಿ. ಅವಳು ಬರೆದು ತಂದ ಪತ್ರವನ್ನು ಓದದೆ ಎರಡೂ ಕೈಯಿಂದ ಹಿಡಿದುಕೊಂಡ.

“ಸಹಿ ಎಲ್ಲಿ ಮಾಡ್ಬೇಕ್ರಿ ತಂಗಿ?”

“ಓದ್ರಿ ಕಾಕಾ, ಮೊದಲ.”

“ನೀವು ಬರದೀರಿ ಅಂದ್ರ ಬರೋಬ್ಬರಿನೇ ಇರ್ತದ.” ಸಹಿ ಮಾಡಿದ. ದುಂಡಗಿನ, ಶಾಲೆಯ ಅಕ್ಷರ.

“ಒಂದು ಫೋಟೊ ಬೇಕಾಗಿತ್ತು. ಮಳಿ ಅಳಿಯೂ ಡಬ್ಬಿ ಎಲ್ಲದ?”

ಗಂಗಾಬಾಯಿ ಒಳಗಿನಿಂದಲೇ ನಕ್ಕಳು. “ಡಬ್ಬಿ ಕೇಳಾಕತ್ತಾಳ ನೋಡ್ರಿ!”

ಅಂಗಳದ ಮೂಲೆಯಲ್ಲಿ ಸಿಮೆಂಟಿನ ಒಂದು ಚಿಕ್ಕ ಪೀಠವಿತ್ತು. ಅದರ ಮೇಲೆ ಏನೂ ಇರಲಿಲ್ಲ.

“ಅಳತಿ ಗಿಲಾಸ ಒಡದು ಏಳು ವರ್ಷ ಆತ್ರಿ,” ಧರ್ಮಣ್ಣ ಹೇಳಿದ. “ಡಬ್ಬಿ ತುಕ್ಕ ಹಿಡದು ಹೋತು.”

“ಮತ್ತ ನೀವು ದಿನಾ ಬರದಿದ್ದು?”

“ಬೆರಳಿಲೆ.”

ಅವನು ತೋರುಬೆರಳು ಎತ್ತಿ ಹಿಡಿದ. ಮಗುವಿಗೆ ಲೆಕ್ಕ ಹೇಳಿಕೊಡುವವನಂತೆ ಗೆಣ್ಣುಗಳನ್ನು ಮುಟ್ಟಿ ತೋರಿಸಿದ. “ಮಳಿ ಬಂದ ಮರುದಿನ ಹೊಲದಾಗ ಬೆರಳ ಊರೂದು. ಒಂದ್ ಗೆಣ್ಣ ಹಸಿ ಇದ್ರ ಐದು ಮಿಲಿಮೀಟರ್. ಎರಡಾದ್ರ ಹತ್ತು. ಪೂರಾ ಹೋತಂದ್ರ ಹದಿನೈದು. ಗೇಣ ಹೋತಂದ್ರ ನಲವತ್ತು. ಕರಿ ಎರಿ ನೆಲ ಸುಳ್ಳ ಹೇಳಂಗಿಲ್ರಿ.”

“ಮೂವತ್ತೇಳು ಪಾಯಿಂಟ್ ನಾಲ್ಕು ಅಂತ ಬರದೀರಿ ಒಂದ್ ಕಡಿ.”

“ಪಾಯಿಂಟ್ ಹಾಕದಿದ್ರ ಸಾಹೇಬ್ರು ನಂಬಂಗಿಲ್ರಿ.”

“ಯಾವ ಸಾಹೇಬ್ರು?”

ಧರ್ಮಣ್ಣ ಯೋಚಿಸಿದ. ಮಳೆಮಾಪಕ ಇಟ್ಟುಹೋದ ಯೋಜನೆ ಎಂದೋ ಮುಗಿದಿತ್ತು. ಯೋಜನೆಯ ಹೆಸರು ಅವನಿಗೆ ನೆನಪಿರಲಿಲ್ಲ. “ಯಾರೂ ಬಂದಿಲ್ಲ ಬಿಡ್ರಿ. ಬರೀ ಅಂದಿದ್ರು. ಸಾಕು ಅಂತ ಯಾರೂ ಹೇಳಿಲ್ಲ. ನೀವೇ ಮೊದಲ ನೋಡಿದವರು.”

ಅವನ ಮುಖದಲ್ಲಿ ನಾಚಿಕೆ ಹುಡುಕಿದಳು. ಇರಲಿಲ್ಲ. ಇದ್ದದ್ದು ಸಂತೋಷ.

“ಆಗಸ್ಟಿನ್ಯಾಗ ಮಳಿ ಕಮ್ಮಿ ಆಗ್ಯಾದಲ್ರಿ, ವರ್ಷಾ ವರ್ಷಾ?” ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

“ಮಳಿ ಎಲ್ಲಿ ಕಮ್ಮಿ ಆಗ್ಯಾದ? ವರ್ಷಾ ವರ್ಷಾ ಮೊಳಕಾಲ ಹೋಗಾಕತ್ತಾವ ನನ್ನವು. ಆ ಥಂಡಿಗಿ ಬಗ್ಗಾಕ ಆಗಂಗಿಲ್ಲ. ಜರಾ ಮ್ಯಾಲ ಮ್ಯಾಲೇ ಊರ್ತೇನಿ.”

“ನೆಪ,” ಗಂಗಾಬಾಯಿ ಚಹಾ ತಂದಿಟ್ಟಳು. “ಮುಂಜಾನಿ ಏಳಾಕ ಬ್ಯಾಸರ ಅವಗ.”

ಜಯಮಾಲಾ ಚಹಾ ಕುಡಿದಳು. ಸಿಟ್ಟು ಬರಬೇಕಿತ್ತು. ಆರು ವರ್ಷಗಳ ಹವಾಮಾನವೆಂದು ತಾನು ಎಳೆದ ಗೆರೆ ಒಬ್ಬ ಮುದುಕನ ಮಂಡಿ. ಪ್ರಾಧ್ಯಾಪಕರು ಬಹಳ ಹೊತ್ತು ನೋಡಿದ್ದು ಅದನ್ನು. ಈ ಮನುಷ್ಯ ಸುಳ್ಳು ಬರೆದಿರಲಿಲ್ಲ, ಮಳೆ ಬಂದಾಗೆಲ್ಲ ನೆಲ ಮುಟ್ಟಿದ್ದ. ತಾನು ಮುಟ್ಟಿದ್ದು ಏನನ್ನು?

ಸಮಯ ನಾಲ್ಕು ಇಪ್ಪತ್ತು. ಸಹಿ ಆಗಿತ್ತು. ಪತ್ರ, ಒಂದು ಫೋಟೊ ಫೋನಿನಿಂದ ಕಳಿಸಿದರೆ ಮೈಸೂರು. ಕಳಿಸದಿದ್ದರೆ ಕಲಬುರಗಿ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಆದರೆ ಕಲಬುರಗಿ ಒಪ್ಪಿದರೆ ತಾನು ಪ್ರಾಮಾಣಿಕಳೋ, ಬರೀ ಹೆದರಿದವಳೋ ಎಂದು ಅವಳಿಗೆ ತಿಳಿಯಲಿಲ್ಲ.

“ಕಾಕಾ, ಮೈಸೂರಿಗಿ ಹೋಗ್ಲೋ, ಕಲಬುರಗ್ಯಾಗೇ ಓದ್ಲೋ?”

“ಮೈಸೂರಾಗ ಯಾವ ಮಣ್ಣು?”

“ಕೆಂಪು ಇರ್ಬೇಕು.”

“ಕೆಂಪ ಮಣ್ಣಾಗ ನನ್ನ ಲೆಕ್ಕ ನಡಿಯಂಗಿಲ್ಲ.” ಅವಳು ಕಾದಳು. ಇವನೂ ಬಾಗಿಲಲ್ಲಿ ನಿಲ್ಲುವವನಲ್ಲ.

“ಫೋಟೊ ಬೇಕಂದ್ರಲ್ಲ,” ಧರ್ಮಣ್ಣನೇ ಎದ್ದ. “ಏ, ಆ ತಾಂಬ್ರದ ಕೊಡ ತಾ.”

“ಯಾಕ?” ಗಂಗಾಬಾಯಿ ಕೇಳಿದಳು.

“ತಂಗಿ ಕೆಲಸ ಕೆಡಬಾರ್ದು.”

ಬೇಡ ಎನ್ನಲು ಜಯಮಾಲಾ ಬಾಯಿ ತೆರೆದಳು. ಗಂಗಾಬಾಯಿ ಆಗಲೇ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ಇಬ್ಬರೂ ಸೇರಿ ಅದನ್ನು ಪೀಠದ ಮೇಲೆ ಇಟ್ಟರು. ಕೊಡದ ಹೊಟ್ಟೆಯ ಮೇಲೆ ಗಂಗಾಬಾಯಿಯ ತವರಿನವರು ಕೆತ್ತಿಸಿದ ಹೆಸರಿತ್ತು.

“ಹೆಸರ ಆ ಕಡಿ ತಿರುಗಸ್ರಿ. ಸರಕಾರದ್ದು ಅನಸ್ಬೇಕು,” ಗಂಗಾಬಾಯಿ ಗಂಡನಿಗೆ ಹೇಳಿದಳು. ಆಮೇಲೆ ಜಯಮಾಲಾಳಿಗೆ,

“ನಿಂದ್ರ ಬೇ ಬಾಜೂಕ. ಜರಾ ನಗು. ಸತ್ತವರ ದಿನಾ ಮಾಡಾಕ ಬಂದಂಗ ನಿಂತೀಯಲ್ಲ!”

ಅವಳ ಫೋನನ್ನು ಧರ್ಮಣ್ಣ ಎರಡೂ ಕೈಯಲ್ಲಿ ದೂರ ಹಿಡಿದ. ಅವಳು ಕೊಡದ ಪಕ್ಕ ನಿಂತು ನಕ್ಕಳು. ಆ ನಗು ಹೇಗೆ ಬಂತೆಂದು ಅವಳಿಗೇ ಅಚ್ಚರಿಯಾಯಿತು. ಸಂದರ್ಶನದಲ್ಲೂ ಹೀಗೇ ಬಂದಿತ್ತು.

ಗಾಳಿ ಎದ್ದಿತು. ನಾಲ್ಕು ದಪ್ಪ ಹನಿ ಬಿದ್ದವು, ಹಿಂದೆಯೇ ಮಳೆ.

“ಫೋನ್ ತೋಯ್ತದ!” ಧರ್ಮಣ್ಣ ಅದನ್ನು ಅಂಗಿಯೊಳಗೆ ಅವಚಿಕೊಂಡು, ಕುಂಟುತ್ತ ಒಳಗೆ ಓಡಿದ. ಹೊಸ್ತಿಲಿನಿಂದ ಕೂಗಿ ಹೇಳಿದ, “ಏನೋ ಟಿಣ್ ಅಂತದ ಇದು! ಅರ್ಧಾ ತಾಸು ಉಳದದ ಅಂತ ಬರದದ! ಏನ್ ಒತ್ಲಿ ತಂಗಿ?”

“ಒಳಗ ಬಾ ಬೇ, ಹುಚ್ಚಿ!” ಗಂಗಾಬಾಯಿ ಸೆರಗು ತಲೆಯ ಮೇಲೆಳೆದುಕೊಂಡು ಕರೆಯುತ್ತಿದ್ದಳು.

ಜಯಮಾಲಾ ಪೀಠದ ಪಕ್ಕದಲ್ಲೇ ನಿಂತಿದ್ದಳು. ಫೋಟೊ ಮುಗಿದಿರಲಿಲ್ಲವೇನೋ ಎಂಬಂತೆ, ಒಂದು ಕೈ ಕೊಡದ ಕಂಠದ ಮೇಲೆ. ಖಾಲಿ ಕೊಡದೊಳಗೆ ಹನಿಗಳ ಸದ್ದು ಮೊದಮೊದಲು ಎಣಿಸುವಂತಿತ್ತು. ಅವಳು ಹನ್ನೊಂದರವರೆಗೆ ಎಣಿಸಿದಳು. ಆಮೇಲೆ ಸದ್ದೆಲ್ಲ ಒಂದೇ ಆಯಿತು.