ಐದನೆಯ ಚುಕ್ಕೆ

ಮಹಾಪೆಯ ಫ್ಯಾಕ್ಟರಿಯಲ್ಲಿ ತಾನೇ ಟೆಸ್ಟ್ ಮಾಡಿ ರಿಜೆಕ್ಟ್ ರಾಶಿಗೆ ಎಸೆದಿದ್ದ ಟಚ್ ಪ್ಯಾನೆಲ್ ಒಂದನ್ನು ಲೀಲಾಧರ ಸೂಪರ್‌ವೈಸರನ ಕೈಕಾಲು ಹಿಡಿದು ಮನೆಗೆ ತಂದ. ಹೆಂಡತಿಗಾಗಿ. ಪಾರ್ಶ್ವವಾಯು ಬಡಿದ ಮೇಲೆ ಹರಿಣಾಕ್ಷಿ ಕಳವಾ ಊರಿನ ಅವರ ಒಂದೇ ಕೋಣೆಯ ಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಒಳಗೆ ಅವಳಿದ್ದಾಳೋ ಇಲ್ಲವೋ, ದೇವರೇ ಬಲ್ಲ. ಸೀವುಡ್ಸಿನ ಆರೈಕೆ ಕೇಂದ್ರದವರೋ, ಕೇಳಿದ್ದಕ್ಕೆ ಉತ್ತರ ಕೊಡುವ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು.

ಪ್ಯಾನೆಲ್ಲಿನ ವ್ಯವಹಾರ ಲೀಲಾಧರನಿಗೆ ನೀರು ಕುಡಿದಷ್ಟು ಸಲೀಸು. ವಯರು ಚುಚ್ಚಿದ ಕೂಡಲೇ ಕಂಪ್ಯೂಟರ್ ಕೇಳುತ್ತದೆ: ಒಮ್ಮೆಗೆ ಎಷ್ಟು ಬೆರಳು ಗುರುತಿಸುತ್ತೀ? ಹತ್ತು, ಅನ್ನುತ್ತದೆ ಪ್ಯಾನೆಲ್. ಆಮೇಲೆ ಒಂದೊಂದು ಬೆರಳಿಗೂ ನಂಬರು ಕೊಟ್ಟು, ಇದು ಇಲ್ಲಿದೆ, ಇದು ಸರಿಯಿತು, ಇದು ಎದ್ದಿತು ಎಂದು ವರದಿ ಒಪ್ಪಿಸುತ್ತಲೇ ಇರುತ್ತದೆ. ಕಂಪ್ಯೂಟರಿಗೆ ಬೆರಳು ಕಾಣುವುದೇ ಇಲ್ಲ ಮಾರಾಯ್ರೆ! ಪ್ಯಾನೆಲ್ ಹೇಳಿದ್ದೇ ಅದಕ್ಕೆ ವೇದವಾಕ್ಯ.

ಪ್ಯಾನೆಲ್ಲನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ, ಹೆಂಡತಿಯ ಎಡಗೈಯನ್ನು ಅದರ ಗಾಜಿನ ಮೇಲಿಟ್ಟ. ಪರದೆಯಲ್ಲಿ ಐದು ಚುಕ್ಕೆ ಮೂಡಿದವು. "ನಾನು ಹೇಳಿದ್ದು ಕೇಳಿಸ್ತಾ? ಹೌದಾದ್ರೆ ಕಿರುಬೆರಳು ಎತ್ತು ಮಾರಾಯ್ತಿ," ಎಂದ. ಐದನೆಯ ಚುಕ್ಕೆ ಮಾಯವಾಗಿ ಮತ್ತೆ ಬಂತು! ಬೆರಳು ಎದ್ದದ್ದು ಕಣ್ಣಿಗೆ ಕಾಣಲಿಲ್ಲ. ಕೂದಲೆಳೆಯಷ್ಟು ಎತ್ತಿರಬೇಕು ಅಂದುಕೊಂಡ.

"ಅಮ್ಮಾ ನೇ ಹಾಂ ಬೋಲಾ!" ಅಮ್ಮ ಹೌದೆಂದಳು ಎಂದು ಮಗಳು ಮಾನಸಿ ತನ್ನ ಹಿಂದಿಯಲ್ಲಿ ಕೂಗಿ ಕುಣಿದಾಡಿ, ವಿಡಿಯೋ ತೆಗೆದು ಸೀವುಡ್ಸಿಗೆ ಕಳಿಸಿಯೇಬಿಟ್ಟಳು. ಸೋಮವಾರ ಕರೆತನ್ನಿ, ಡಾಕ್ಟರು ನೋಡುತ್ತಾರೆ, ಎಂದರು.

ಭಾನುವಾರ ಮಾನಸಿ ಮಾರ್ಕೆಟ್ಟಿಗೆ ಹೋಗಿದ್ದಾಗ ಲೀಲಾಧರನಿಗೆ ಸರಸದ ಹುಕಿ ಬಂತು. "ನನ್ನನ್ನು ಕಟ್ಟಿಕೊಂಡು ಸುಖವಾಗಿದ್ದೆಯಾ?" ಚುಕ್ಕೆ ಹೋಯಿತು. ಅವನ ಎದೆ ಉಬ್ಬಿತು. "ಹಾಗಾದ್ರೆ ನಾನು ಕತ್ತೆಯಾ?" ಮತ್ತೆ ಹೋಯಿತು. ಬಿದ್ದು ಬಿದ್ದು ನಕ್ಕ. ನಗುತ್ತಿದ್ದಂತೆ, ಏನೂ ಕೇಳದೆಯೇ, ಚುಕ್ಕೆ ಮತ್ತೊಮ್ಮೆ ಹೋಯಿತು. ಅದೇ ಹೊತ್ತಿಗೆ ಮೂಲೆಯ ಹಳೇ ಫ್ರಿಜ್ ಗಡಗಡ ನಡುಗಿತ್ತು.

ಅವಳ ಕೈ ಸರಿಸಿ ತನ್ನದನ್ನಿಟ್ಟು, ಉಸಿರು ಬಿಗಿಹಿಡಿದು ಕೂತ. ಫ್ರಿಜ್ ನಡುಗಿತು. ಬೆರಳು ಅಲುಗಿಸದಿದ್ದರೂ ಐದನೆಯ ಚುಕ್ಕೆ ಹೋಯಿತು. ಕರೆಂಟು ಏರಿಳಿದರೆ ಇಟ್ಟ ಬೆರಳನ್ನೇ ಎದ್ದಿತು ಅನ್ನುವ ಪ್ಯಾನೆಲ್ ಅದು. ಅದಕ್ಕೇ ತಾನೇ ಇವನು ಅದನ್ನು ಎಸೆದದ್ದು! ಆಸೆಯಲ್ಲಿ ಮರೆತೇಬಿಟ್ಟಿದ್ದ, ಪೆಕರ.

ಫ್ರಿಜ್ ಆಫ್ ಮಾಡಿ ಅವಳ ಕೈಯನ್ನು ಮತ್ತೆ ಗಾಜಿನ ಮೇಲಿಟ್ಟ. "ಹರಿಣೀ, ಇದ್ದೀಯಾ? ಒಂದೇ ಒಂದು ಸಲ." ಬೇಡಿದ, ಬೈದ, ಗೊಳೋ ಎಂದು ಅತ್ತ. ಫ್ರಿಜ್ಜಿನ ಐಸು ಕರಗಿ ನೀರು ಅವನ ಕಾಲಬುಡಕ್ಕೆ ಹರಿದು ಬಂತು. ಐದು ಚುಕ್ಕೆಗಳೂ ಇದ್ದಲ್ಲೇ ಇದ್ದವು.

ಮಾನಸಿ ಬಂದವಳೇ ಚೀಲ ಕೆಳಗಿಟ್ಟು ಅಮ್ಮನ ಕೆನ್ನೆ ಸವರಿ, ನಾಳೆ ಡಾಕ್ಟರಿಗೂ ಹೌದು ಅನ್ನುತ್ತೀಯಲ್ಲ ಎಂದು ಕೇಳಿದಳು. "ಅಮ್ಮಾ, ಕಲ್ ಡಾಕ್ಟರ್ ಕೋ ಭೀ ಹಾಂ ಬೋಲೇಗೀ ನಾ?"

ಚುಕ್ಕೆಗಳು ಅಲುಗಲಿಲ್ಲ. ಹುಡುಗಿಯ ಮುಖ ಬಾಡತೊಡಗಿತು. ಲೀಲಾಧರನಿಗೆ ಅದನ್ನು ನೋಡಲಾಗಲಿಲ್ಲ. ಬೆನ್ನ ಹಿಂದೆ ಕೈ ಚಾಚಿ ಫ್ರಿಜ್ಜಿನ ಸ್ವಿಚ್ ಒತ್ತಿದ.

"ಬೋಲೀ! ಪಪ್ಪಾ, ದೇಖಾ?" ಮಾನಸಿ ಅಮ್ಮನನ್ನು ತಬ್ಬಿಕೊಂಡಳು.

"ನೋಡಿದೆ ಮಗಾ," ಎಂದ. ನಾಳೆ ಡಾಕ್ಟರ ಕೋಣೆಯಲ್ಲಿ ಈ ಫ್ರಿಜ್ ಇರುವುದಿಲ್ಲ.