ನಾಲ್ಕನೇ ತರಗತಿಯ ಮರುಮತದಾನ

"ಕಕ್ಕಸು ತೊಳೆಯೋಳ ಮಗಳು ಲೀಡರ್ರಂತೆ. ನಾಳೆ ನನ್ನ ಕುರ್ಚಿ ಮೇಲೂ ಕೂರಿಸ್ತೀರೇನ್ರೀ, ಮೇಡಂ?"

ಹೆಡ್‌ಮಾಸ್ತರರ ದನಿ ಗೋಡೆ ದಾಟಿ ಬಂದಾಗ ಅವಳು ಶಾಲೆಯ ಪಾಯಿಖಾನೆಯ ನೆಲಕ್ಕೆ ಆಸಿಡ್ ಸುರಿದು, ಮೂಗಿಗೆ ಬಟ್ಟೆ ಕಟ್ಟಿ ಉಜ್ಜುತ್ತಿದ್ದಳು. ಮಾತು ತನ್ನ ಮಗಳ ಬಗ್ಗೆಯೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಮೊದಲು ಎದೆ ಹಿಗ್ಗಿತು. ಆಮೇಲೆ ಹೆದರಿ, ಉಜ್ಜುವುದು ಬಿಟ್ಟು ಗೋಡೆಗೆ ಕಿವಿಗೊಟ್ಟಳು.

ನಾಲ್ಕನೇ ತರಗತಿಗೆ ಚುನಾವಣೆಯ ಪಾಠ ಬಂದಿತ್ತು. ಹೊಸ ಟೀಚರು ಬರೀ ಓದಿಸಿ ಬಿಡದೆ, ಬಿಸ್ಕತ್ತಿನ ಡಬ್ಬಕ್ಕೆ ಸೀಳು ಕೊರೆದು, ಚೀಟಿ ಹಂಚಿ, ಬೆರಳಿಗೆ ಶಾಯಿ ಹಚ್ಚಿ ಚುನಾವಣೆಯನ್ನೇ ಮಾಡಿಸಿದ್ದಳು. ಮೂವತ್ತೇಳರಲ್ಲಿ ಇಪ್ಪತ್ತೆರಡು ಚೀಟಿ ಇವಳ ಮಗಳಿಗೆ. ಉಳಿದವು ಶಾಲಾ ಸಮಿತಿ ಅಧ್ಯಕ್ಷರ ಮೊಮ್ಮಗನಿಗೆ. ಅವನು ಅಳುತ್ತ ಮನೆಗೆ ಓಡಿದ್ದೇ ತಡ, ಅಧ್ಯಕ್ಷರು ಶಾಲೆಯ ಆಫೀಸಿಗೆ ಬಂದು ಕೂತಿದ್ದರು.

"ಸರ್, ಮಕ್ಕಳೇ ಆರಿಸಿದ್ದು," ಎಂದಳು ಟೀಚರು.

"ಪಾಠ ಮಾಡಿ ಅಂದ್ರೆ ಮನೆಹಾಳು ಕೆಲಸ ಮಾಡ್ತೀರಲ್ರೀ," ಎಂದರು ಅಧ್ಯಕ್ಷರು. "ಚೀಟಿಗೀಟಿ ಬೇಡ. ನನ್ನೆದುರಿಗೇ ಕೈ ಎತ್ತಿಸಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರ್ಲಿ."

ಟೀಚರ ದನಿ ಮತ್ತೆ ಕೇಳಲಿಲ್ಲ.

ಹೆಡ್‌ಮಾಸ್ತರರು ಮೂಗಿಗೆ ಕರ್ಚೀಫು ಒತ್ತಿಕೊಂಡು ಪಾಯಿಖಾನೆಯ ಬಾಗಿಲಿಗೇ ಬಂದರು. "ಕೇಳಿಸ್ತೇನೇ? ನಿನ್ ಮಗಳಿಗೆ ಬುದ್ಧಿ ಹೇಳು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ, ಆ ದರಿದ್ರ ಮುಂಡೇದೂ ಬರ್ಬೇಡ."

"ಹೇಳ್ತೀನಿ ಸ್ವಾಮಿ."

ಮಗಳನ್ನು ನಲ್ಲಿಯ ಹತ್ತಿರ ಕರೆದಳು. "ಆ ಹುಡುಗನಿಗೇ ಕೈ ಎತ್ತಿಬಿಡೇ, ನನ್ನವ್ವ."

"ಯಾರಿಗೆ ಓಟು ಅಂತ ಅವ್ವಂಗೂ ಹೇಳ್ಬಾರ್ದು ಅಂದವ್ರೆ ಟೀಚರು."

"ಟೀಚರೇ ಬಾಯಿಗೆ ಬೀಗ ಹಾಕ್ಕೊಂಡವ್ರೆ. ನಿಂದೇನೇ?"

"ನಾನೇನ್ ತಪ್ ಮಾಡ್ದೆ?"

ಅವಳು ಮಗಳ ಬೆನ್ನಿಗೊಂದು ಗುದ್ದಿದಳು.

ಅಧ್ಯಕ್ಷರು ತರಗತಿಯಲ್ಲಿ ಟೀಚರ ಕುರ್ಚಿ ಹಿಡಿದು ಕೂತು, ಮೊಮ್ಮಗನ ಹೆಸರು ಹೇಳಿದರು. ಮಕ್ಕಳು ಅಕ್ಕಪಕ್ಕ ನೋಡಿಕೊಂಡರು. ಮೊದಲು ಮುಂದಿನ ಬೆಂಚಿನ ಕೈಗಳೆದ್ದವು, ಆಮೇಲೆ ಉಳಿದವು.

"ಮೂವತ್ತಾರು," ಎಣಿಸಿದರು ಹೆಡ್‌ಮಾಸ್ತರರು. ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದವಳ ಕಡೆ ತಿರುಗಿದರು. "ಏನೇ, ಹೇಳಿದ್ದು ಇಷ್ಟೇನಾ?"

ಅವಳು ಒಳಗೆ ಬಂದಳು. ಆಸಿಡ್ಡಿನ ವಾಸನೆಗೆ ಮಕ್ಕಳು ಚೀಲಗಳನ್ನು ಒಳಕ್ಕೆಳೆದುಕೊಂಡರು. ಮಗಳ ಮಣಿಕಟ್ಟು ಹಿಡಿದಳು. ಕೊರಡಿನಂತೆ ಬಿಗಿದಿತ್ತು.

"ನನ್ ಹೊಟ್ಟೆ ಮೇಲೆ ಹೊಡೀಬೇಡ್ವೇ," ಎಂದು ಪಿಸುಗುಟ್ಟಿ, ತಾನೇ ಅದನ್ನು ಮೇಲೆತ್ತಿದಳು.

"ಮೂವತ್ತೇಳು. ಸರ್ವಾನುಮತದ ಆಯ್ಕೆ."

ಎಲ್ಲ ಕೈಗಳೂ ಚಪ್ಪಾಳೆಗೆ ಇಳಿದವು. ಅವಳು ಮಗಳ ಕೈ ಬಿಟ್ಟಳು. ಅದು ಇಳಿಯಲಿಲ್ಲ. ಮಗಳು ಅಧ್ಯಕ್ಷರನ್ನೇ ನೋಡುತ್ತಿದ್ದಳು.

"ಮುಗೀತಲ್ಲ, ಇಳಿಸೇ," ಎಂದರು ಹೆಡ್‌ಮಾಸ್ತರರು.

ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು. ಟೀಚರು ಕಿಟಕಿಯ ಕಡೆ ಮುಖ ತಿರುಗಿಸಿದಳು. ತಾಯಿ ಎರಡೂ ಕೈ ಹಾಕಿ ಮಗಳ ತೋಳನ್ನು ಜಗ್ಗಿದಳು, ಜೋತುಬಿದ್ದು ಜಗ್ಗಿದಳು. ತೋಳು ಕದಲಲಿಲ್ಲ.