ಖಾಲಿ ಗುಳಿಯಲ್ಲಿ ಕಾವು

ಚಳಿ ಕಾಲ್ತೆಗೆದು ಬಿಸಿಲೇರತೊಡಗಿತೆಂದರೆ ಹಲ್ಲಿನ ಡಾಕ್ಟರಮ್ಮನಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲು ಹಿತ್ತಿಲ ಓಣಿ ಹಿಡಿದು ಕಡಲಂಚಿಗೆ ಇಳಿದುಬಿಡುತ್ತಿದ್ದಳು. ಅಡ್ಡಡ್ಡ ಓಡುವ ಏಡಿಗಳು, ಅಲೆ ಹಿಂದೆ ಸರಿದದ್ದೇ ತಡ ಹುಳ ಹೆಕ್ಕಲು ನುಗ್ಗುವ ಹಕ್ಕಿಗಳು, ಒಮ್ಮೊಮ್ಮೆ ದೂರದಲ್ಲಿ ಬೆನ್ನು ತೋರಿಸುವ ಡಾಲ್ಫಿನ್ನು. ದಿನವಿಡೀ ಬೇರೆಯವರ ಬಾಯೊಳಗೆ ಇಣುಕುವವಳಿಗೆ ಇದಕ್ಕಿಂತ ಸುಖ ಬೇರೆ ಬೇಕಿರಲಿಲ್ಲ.

ಈ ಸಲ ಮುರುಕು ದೋಣಿಯ ಆಚೆ, ಮರಳಿನದೇ ಬಣ್ಣದ ಪುಟ್ಟ ಹಕ್ಕಿಯೊಂದು ಬರಿ ಮರಳಲ್ಲಿ ಗುಳಿ ಮಾಡಿ ಎರಡು ಮೊಟ್ಟೆ ಇಟ್ಟಿತ್ತು. ಆ ಗುಟ್ಟನ್ನು ಅವಳು ಹೇಳಿದ್ದು ಒಬ್ಬನಿಗೇ, ಫೋಟೋ ಸ್ಟುಡಿಯೋ ಇಟ್ಟಿದ್ದ ತಮ್ಮನಿಗೆ. "ದೂರದಿಂದ ನೋಡು, ಹತ್ತಿರ ಹೋದರೆ ನೋಡು ಮತ್ತೆ" ಎಂದು ಗದರಿಸಿಯೇ ಹೇಳಿದ್ದಳು.

ಭಾನುವಾರ ತಿಂಡಿಗೆ ಕೂತಾಗ ತಮ್ಮ ಮೊಬೈಲನ್ನು ಅವಳ ತಟ್ಟೆಯತ್ತ ತಳ್ಳಿದ. "ನಿನ್ನೆ ಸಂಜೆ ತೆಗೆದದ್ದು. ಹೆಂಗಿದೆ ಅಕ್ಕಾ? ಜನ ಮುಗಿಬಿದ್ದು ನೋಡ್ತಿದಾರೆ."

ಅದೇ ಎರಡು ಮೊಟ್ಟೆ. ಪಕ್ಕದಲ್ಲೊಂದು ಬಿಳಿ ಶಂಖ, ಹಿಂದೆ ನೀಲಿ ಕಡಲು.

"ಗುಳಿಯಿಂದ ಕಡಲು ಕಾಣಲ್ಲ. ದೋಣಿ ಅಡ್ಡ ಇದೆ," ಎಂದಳು.

"ಒಂಚೂರು ಈಚೆ ಇಟ್ಕೊಂಡೆ ಅಷ್ಟೆ. ಮೊಟ್ಟೆಗೇನು ಕಾಲು ನೋಯುತ್ತಾ?"

"ವಾಪಸ್ ಇಟ್ಯಾ?"

"ಅವುಗಳ ಅಮ್ಮನಿಗೆ ಕಣ್ಣಿಲ್ವಾ?"

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು. ತೋಳು ಹಿಡಿದು ಅವನನ್ನು ಎಬ್ಬಿಸಿದಳು. ಅವನು ಅಭ್ಯಾಸಬಲದಿಂದ ಕ್ಯಾಮೆರಾವನ್ನೂ ಹೆಗಲಿಗೇರಿಸಿಕೊಂಡ. ಅಮ್ಮ ಸೌಟು ಹಿಡಿದೇ ಓಡಿಬಂದರು. "ತಿನ್ನೋ ಮಗನ್ನ ಎಬ್ಬಿಸ್ತಿದೀಯಲ್ಲೇ! ಒಡಹುಟ್ಟಿದವನಿಗಿಂತ ಹಕ್ಕಿ ಹೆಚ್ಚಾಯ್ತಾ?"

"ಇವತ್ತು ಹೌದಮ್ಮ."

ದೋಣಿಯ ಮರೆಯಿಂದ ಇಣುಕಿದಾಗ ಹಕ್ಕಿ ಗುಳಿಯಲ್ಲೇ ಕೂತಿತ್ತು. ಎದೆಯ ಗರಿ ಉಬ್ಬಿಸಿ, ರೆಕ್ಕೆ ಸಡಿಲಬಿಟ್ಟು ಕಾವು ಕೊಡುತ್ತಿತ್ತು. ಅದರಡಿ ಏನೂ ಇರಲಿಲ್ಲ. ಮೊಟ್ಟೆಗಳೆರಡೂ ಎರಡು ಮಾರು ಆಚೆ, ಶಂಖದ ಪಕ್ಕ, ಬಿಸಿಲಲ್ಲಿ ಬಿದ್ದಿದ್ದವು.

ತಮ್ಮ ತೆಪ್ಪಗಾದ. ಬುದ್ಧಿ ಬಂತೇನೋ ಎಂದು ಅವಳು ತಿರುಗಿ ನೋಡಿದರೆ, ಕ್ಯಾಮೆರಾ ಆಗಲೇ ಅವನ ಕಣ್ಣಿಗೇರಿತ್ತು. "ಅಬ್ಬಾ, ಎಂಥಾ ಫೋಟೋ ಇದು!" ಎಂದು ಪಿಸುಗುಟ್ಟಿದ.

ಅವಳು ಕ್ಯಾಮೆರಾ ಕಿತ್ತುಕೊಂಡಳು. ಹಕ್ಕಿ ಚೀರುತ್ತ ಹಾರಿತು. ಕಾದ ಮೊಟ್ಟೆಗಳನ್ನು ಗುಳಿಗೆ ಸೇರಿಸಿ, ಶಂಖವನ್ನು ಕೈಲಾದಷ್ಟು ದೂರಕ್ಕೆ ನೀರಿಗೆಸೆದು ಬಂದಳು. ಸ್ವಲ್ಪ ಹೊತ್ತಿಗೆ ಹಕ್ಕಿ ಮರಳಿ ಬಂದು ಕೂತಿತು.

"ಕೂತ್ಕೊಂತಲ್ಲ! ಇಷ್ಟಕ್ಕೆ ರಂಪ ಮಾಡಿದೆ," ಎಂದ ತಮ್ಮ.

ಅವಳು ಕ್ಯಾಮೆರಾವನ್ನು ತನ್ನ ಹೆಗಲಿಗೇ ಹಾಕಿಕೊಂಡು ಮನೆಯತ್ತ ನಡೆದಳು. ಅಲ್ಲೇ ನಿಂತಿದ್ದರೆ ಕೈ ಏಳುತ್ತಿತ್ತು.

ಹಕ್ಕಿ ವಾರಗಟ್ಟಲೆ ಕೂತಿತು. ಮರಿ ಹೊರಬರಬೇಕಾದ ಕಾಲ ಬಂತು, ಕಳೆಯಿತು. ಒಂದು ಬೆಳಿಗ್ಗೆ ಗುಳಿಯಲ್ಲಿ ಮೊಟ್ಟೆಗಳಷ್ಟೇ ಇದ್ದವು, ತಣ್ಣಗೆ. ಹಕ್ಕಿ ಎಲ್ಲೂ ಇರಲಿಲ್ಲ.

ಅವಳು ನೆಟ್ಟಗೆ ಸ್ಟುಡಿಯೋಗೆ ಹೋದಳು. ಗಿರಾಕಿಗಳು ತುಂಬಿದ್ದರು. ಎದುರು ಗೋಡೆಯಲ್ಲಿ, ಬಾಗಿಲಿನಷ್ಟು ದೊಡ್ಡದಾಗಿ, ಶಂಖದ ಪಕ್ಕ ಎರಡು ಮೊಟ್ಟೆ. "ಎಷ್ಟು ಮುದ್ದಾಗಿದೆ!" ಎನ್ನುತ್ತಿದ್ದಳು ಮಗು ಎತ್ತಿಕೊಂಡವಳೊಬ್ಬಳು.

"ಸತ್ತಿವೆ," ಎಂದಳು ಡಾಕ್ಟರಮ್ಮ, ಅಂದು ಕಿತ್ತುಕೊಂಡಿದ್ದ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು. "ಫೋಟೋಗೋಸ್ಕರ ಎತ್ತಿ ಬಿಸಿಲಿಗಿಟ್ಟ. ತಾಯಿ ಬರಿ ನೆಲಕ್ಕೆ ಕಾವು ಕೊಡ್ತಾ ಕೂತಿತ್ತು. ಇವನು ನನ್ನ ತಮ್ಮ. ಹೇಳೋಕೆ ನಾಚಿಕೆ ಆಗುತ್ತೆ."

ಮಗುವಿನ ತಾಯಿ ಚಿತ್ರದಿಂದ ಮುಖ ತಿರುಗಿಸಿದಳು. ತಮ್ಮನ ಕಿವಿ ಕೆಂಪಾಯಿತು. ಸಂಜೆಯೊಳಗೆ ಚಿತ್ರ ಕೆಳಗಿಳಿಯಿತು.

ಅಕ್ಕತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಅಮ್ಮನೇ ನಡುವೆ ಬಿದ್ದು ಒಂದೇ ಪಂಕ್ತಿಯಲ್ಲಿ ಕೂರಿಸಿದಾಗ ತಮ್ಮ ತಟ್ಟೆ ನೋಡುತ್ತಲೇ ಕೇಳಿದ: "ಬೇರೆ ಗೂಡು ಏನಾದ್ರೂ ಸಿಕ್ತಾ ಅಕ್ಕಾ?"

ಆವತ್ತು ಬೆಳಿಗ್ಗೆಯಷ್ಟೇ ಬಂಡೆಯ ಆಚೆ ಹೊಸ ಗುಳಿಯೊಂದನ್ನು ಅವಳು ನೋಡಿ ಬಂದಿದ್ದಳು.

"ಇಲ್ಲ," ಎಂದು ನೀರು ಕುಡಿದಳು.